ಸೋಮು ಕಂಪ್ಯೂಟರ್ ಬಿಚ್ಚಿದ್ದು

ಗೌರಮ್ಮನಿಗೆ ಇಬ್ಬರು ಮಕ್ಕಳು. ಮಗಳು ಹೇಮ ಕುಣಿದರೆ ಬೀದಿಯೇ ನಿಂತು ನೋಡಬೇಕು. ಮಗ ಸೋಮು ಹೇಳಿದ ಮಾತನ್ನ ಚೂರೂ ಮೀರದವನು. ಅದೇ ನೋಡಿ ಆ ತಾಯಿಯ ತಲೆನೋವು.

ಅವತ್ತು ಸಂಜೆ ಐದಕ್ಕೆ ನೃತ್ಯಶಾಲೆಯ ಟೀಚರು ಹೇಮಳ ಕುಣಿತವನ್ನ ಕಂಪ್ಯೂಟರಿನಲ್ಲೇ ನೋಡಿ, ಸೀಟು ಉಂಟೋ ಇಲ್ಲವೋ ಹೇಳುವವರಿದ್ದರು. ಉಳಿದಿದ್ದು ಒಂದೇ ಸೀಟು. ಬೆಳಿಗ್ಗೆ ನೋಡಿದರೆ ಕಂಪ್ಯೂಟರಿಗೆ ಕರೆಂಟು ಕೊಡೋ ಪವರ್ ಸಪ್ಲೈ ಡಬ್ಬಿ ಸುಟ್ಟು ಕೂತಿದೆ. ಕಂಪ್ಯೂಟರ್ ಅಂಗಡಿಯ ಜಬೀಯಣ್ಣ ಹೊಸದು ಕೊಟ್ಟು, "ಹಳೇದು ಹೇಗಿತ್ತೋ ಹಾಗೇ ಕೂರಿಸಪ್ಪ" ಅಂದ.

ಸೋಮು ಕೂರಿಸಿದ. ಕಂಪ್ಯೂಟರೇನೋ ಆನ್ ಆಯ್ತು, ವಿಡಿಯೋ ಮಾತ್ರ ತಡೆದು ತಡೆದು ಓಡುತ್ತೆ. ಹೇಮ ಎತ್ತಿದ ಕೈ ಇಳಿಸಿದ ಮೇಲೆ ಪರದೆಯ ಹೇಮ ಕೈ ಎತ್ತುತ್ತಾಳೆ. ಹೇಮಳ ಕಣ್ಣಲ್ಲಿ ನೀರು.

ಗೌರಮ್ಮ ಕಂಪ್ಯೂಟರಿನ ಒಳಗೆ ಬಗ್ಗಿ ನೋಡಿದಳು. ಹೊಸ ಡಬ್ಬಿ ತುಂಬ ಧೂಳು, ಪಕ್ಕದಲ್ಲೊಂದು ವೈರು ಜೋತಾಡ್ತಿದೆ.

"ಇದೇನೋ ಇದು?"

"ಹಳೇದರಲ್ಲಿ ಧೂಳಿತ್ತಮ್ಮ, ತೆಗೆದು ಇದಕ್ಕೂ ಹಾಕಿದೆ. ಅದರಲ್ಲೂ ಒಂದು ವೈರು ಜೋತಾಡ್ತಿತ್ತು. ಇದರಲ್ಲೂ ಒಂದನ್ನ ಹಾಗೇ ಬಿಟ್ಟೆ."

"ಅಯ್ಯೋ ನನ್ನ ಕರ್ಮವೇ" ಅಂತ ಧೂಳು ಒರೆಸಿ, ಜಬೀಯಣ್ಣನಿಗೆ ಫೋನ್ ಮಾಡಿದಳು. "ವಿಡಿಯೋ ಕಾರ್ಡಿಗೆ ಕರೆಂಟು ಹೋಗ್ತಿದೆಯಾ ನೋಡೋಕೆ ಹೇಳಿ" ಅಂದ ಅವನು. ಮಗನಿಗೆ ಅದನ್ನೇ ಹೇಳಿ, ಮಗಳಿಗೆ ಗೆಜ್ಜೆ ಕಟ್ಟೋಕೆ ಹೋದಳು.

ವಾಪಸ್ ಬಂದರೆ ಸೋಮು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ. "ಆಗಿಂದ ನೋಡ್ತಾನೇ ಇದೀನಮ್ಮ. ಏನೂ ಹೋಗ್ತಿಲ್ಲ."

"ಲೋ ಪೆದ್ದ, ಕೂತು ನೋಡೋದಲ್ಲ, ಕೈ ಹಾಕಿ ನೋಡು."

ಹಾಕಿದ. ತಿರುಗೋ ಫ್ಯಾನಿಗೇ ಹಾಕಿದ. ಬೆರಳಲ್ಲಿ ರಕ್ತ. ಗಂಟೆ ಐದಾಗ್ತಾ ಬಂತು, ಗೌರಮ್ಮ ಬೆರಳಿಗೆ ಬಟ್ಟೆ ಸುತ್ತಿದಳು. "ಇನ್ಮೇಲೆ ಇದರಲ್ಲಿ ಏನನ್ನೇ ಮುಟ್ಟಬೇಕಾದರೂ ಮೊದಲು ಮೇನ್ ಸ್ವಿಚ್ ಆರಿಸು. ತಿಳೀತಾ?"

ತಿಳೀತು. ಮೇನ್ ಆರಿಸಿ, ಜೋತಾಡೋ ವೈರನ್ನ ವಿಡಿಯೋ ಕಾರ್ಡಿಗೆ ಸಿಕ್ಕಿಸಿದ. ಮತ್ತೆ ಆನ್ ಮಾಡಿದರೆ ವಿಡಿಯೋ ಎಲ್ಲೂ ನಿಲ್ಲದೆ ಓಡಿತು. ಗೌರಮ್ಮ ಮಗನ ತಲೆ ಸವರಿದಳು.

ಐದಕ್ಕೆ ಪರದೆಯಲ್ಲಿ ಟೀಚರು ಬಂದರು, ಹೇಮ ಕುಣಿದಳು. ಮೈಮರೆತು ಕುಣಿದಳು. ಮುಗಿದ ಮೇಲೆ ಟೀಚರು ಕನ್ನಡಕ ತೆಗೆದು, "ಹೇಮಾ, ನಮ್ಮ ತೀರ್ಮಾನ ಏನಪ್ಪಾ ಅಂದ್ರೆ" ಅಂದರು. ಮುಂದಿನ ಮಾತು ಕೇಳಿಸಲೇ ಇಲ್ಲ, ದನಿ ಅಷ್ಟು ಸಣ್ಣಗಿದೆ.

"ಸೋಮು, ಸೌಂಡಿನ ಗುಂಡಿ ಮುಟ್ಟೋ, ಬೇಗ" ಅಂತ ಗೌರಮ್ಮ ಪಿಸುಗುಟ್ಟಿದಳು.

ಸೋಮು ದಡದಡ ಹೊರಗೆ ಓಡಿದ. ಪರದೆ ಕಪ್ಪಾಯಿತು. ತೆರೆದ ಬಾಯಿ ತೆರೆದ ಹಾಗೇ ಟೀಚರು ಮಾಯ.

ಜಗಲಿಯಿಂದ ದನಿ ಬಂತು: "ಅಮ್ಮಾ, ಮೇನ್ ಆರಿಸಿದೀನಿ. ಈಗ ಮುಟ್ಟಲಾ?"