ಮೆತ್ತನೆಯ ಕೈ

ನದಿಯ ದಂಡೆಗೆ ಒಂದು ಮಠ. ಮಠಕ್ಕೆ ಸೇರಿದ ಒಂದು ಪುಟ್ಟ ಆಸ್ಪತ್ರೆ. ಡಾಕ್ಟರು ಪಟ್ಟಣದಿಂದ ಬರಬೇಕು, ಅವರು ಬರುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. ಅಲ್ಲಿಯವರೆಗೆ ಜೀವ ಹಿಡಿದು ನಿಲ್ಲಿಸುವ ಕೆಲಸ ನರ್ಸುಗಳದ್ದೇ.

ಹಿರಿಯ ನರ್ಸು ದಾನಮ್ಮನವರು. ಎಲ್ಲರಿಗೂ ಅವರು ಅಕ್ಕಾರು. ಅವರ ಬಳಿ ಕೆಲಸ ಕಲಿಯಲು ಬಂದವಳು ಮಹಾನಂದಾ.

ಮಹಾನಂದಾಳ ಕೈ ಬಲು ಮೆತ್ತಗೆ. ಅಕ್ಕಾರು ಸೂಜಿ ಚುಚ್ಚಿದರೆ ಓಣಿಗೆಲ್ಲ ಗೊತ್ತಾಗುತ್ತದೆ, ಮಹಾನಂದಾ ಚುಚ್ಚಿದರೆ ಸೂಜಿಗೂ ಗೊತ್ತಾಗುವುದಿಲ್ಲ ಎಂದು ರೋಗಿಗಳು ನಗುತ್ತಿದ್ದರು. ಅವಳಿಗೆ ಆ ಮಾತು ಹಿತವಾಗಿತ್ತು. ಓದಿನಲ್ಲೂ ಮುಂದು. ನಿಂತ ಗುಂಡಿಗೆಯನ್ನು ಮತ್ತೆ ಹೇಗೆ ನಡೆಸಬೇಕು, ಎದೆಯ ಮೇಲೆ ಅಂಗೈ ಎಲ್ಲಿಡಬೇಕು, ಎಷ್ಟು ಆಳ ಒತ್ತಬೇಕು, ಎಲ್ಲ ಬಾಯಿಪಾಠ.

ಒಂದು ದಿನ ಹಮಾಲನೊಬ್ಬನನ್ನು ಹೊತ್ತು ತಂದರು. ಉಸಿರಿಲ್ಲ, ನಾಡಿಯಿಲ್ಲ. ದಾನಮ್ಮನವರು ಮಂಚ ಹತ್ತಿ, ಮಂಡಿಯೂರಿ ಅವನ ಎದೆ ಒತ್ತತೊಡಗಿದರು. ಎಲುಬು ಲಟಕ್ಕೆಂದಿತು. ಮಹಾನಂದಾ ಕಣ್ಣು ಮುಚ್ಚಿಕೊಂಡಳು. ಅಕ್ಕಾರು ನಿಲ್ಲಿಸಲಿಲ್ಲ.

ಹಮಾಲ ಬದುಕಿದ. ಆದರೆ ಕೆಮ್ಮಿದಾಗೆಲ್ಲ ಎದೆ ಹಿಡಿದುಕೊಂಡು ದಾನಮ್ಮನವರ ವಂಶವನ್ನೇ ಬೈಯುತ್ತಿದ್ದ.

“ಅಷ್ಟು ಜೋರ್ ಒತ್ತಬೇಕಿತ್ತೇನ್ರಿ ಅಕ್ಕಾರ?” ಮಹಾನಂದಾ ಕೇಳಿದಳು.

“ಬೈಯಾಕತ್ತಾನಲ್ಲ, ಕೇಳಸ್ತದೇನು?”

“ಕೇಳಸ್ತದ್ರಿ.”

“ಕೇಳು.”

ಮಹಾನಂದಾ ಕಿವಿಗೊಟ್ಟಳು. ಅವಳಿಗೆ ಕೇಳಿಸಿದ್ದು ಬೈಗುಳ ಮಾತ್ರ.

ಆಮೇಲೊಮ್ಮೆ ದಾನಮ್ಮನವರು ಹೆರಿಗೆ ಮಾಡಿಸಲು ಆಚೆ ದಂಡೆಗೆ ಹೋಗಿದ್ದರು. ಆಗಲೇ ಮಠದಲ್ಲಿ ರೊಟ್ಟಿ ಬಡಿಯುವ ಗೌರವ್ವ ಒಲೆಯ ಮುಂದೆ ಕುಸಿದಳು. ಮಗಳು ರೇಣವ್ವ ಅಡುಗೆಯವರನ್ನು ಕೂಗಿ, ಅವ್ವನನ್ನು ಆಸ್ಪತ್ರೆಗೆ ಎತ್ತಿಸಿಕೊಂಡು ಬಂದಳು.

ಮಹಾನಂದಾಗೆ ದಿನಾ ಬಿಸಿ ರೊಟ್ಟಿ ಎತ್ತಿಡುತ್ತಿದ್ದ ಮುದುಕಿ. ನಾಡಿ ನೋಡಿದಳು, ಇಲ್ಲ. ಅಂಗೈ ಇಟ್ಟ ಜಾಗ ಸರಿಯಾಗಿಯೇ ಇತ್ತು. ಒತ್ತಿದಳು. ಬಡಕಲು ಎದೆಗೂಡು ಕೈಯಡಿಯಲ್ಲಿ ಬಾಗಿತು. ಇನ್ನಷ್ಟು ಒತ್ತಿದರೆ ಮುರಿಯುತ್ತದೆ ಅನಿಸಿತು.

“ಸಾವಕಾಶರೀ ಸಿಸ್ಟರ್,” ರೇಣವ್ವ ಅತ್ತಳು. “ನಮ್ಮವ್ವಗ ನೋವಾಗ್ತದ.”

ಮಹಾನಂದಾಳ ಕೈ ಹಗುರಾಯಿತು. ಒತ್ತುತ್ತಲೇ ಇದ್ದಳು, ಲೆಕ್ಕವೂ ತಪ್ಪಲಿಲ್ಲ, ಆದರೆ ಕೂಸಿನ ಎದೆಗೆ ಎಣ್ಣೆ ಹಚ್ಚಿದ ಹಾಗೆ. ಡಾಕ್ಟರು ಬರುವ ಹೊತ್ತಿಗೆ ಗೌರವ್ವನ ಮೈ ತಣ್ಣಗಾಗಿತ್ತು.

ರೇಣವ್ವ ಮಹಾನಂದಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ಹೂವಿನಂಥಾ ಕೈ ನಿಮ್ಮವು. ಹೋಗೂ ಹೊತ್ತಿನಾಗ ನಮ್ಮವ್ವಗ ತ್ರಾಸ ಕೊಡಲಿಲ್ಲ.”

ಆ ಕೈ ಬಿಡಿಸಿಕೊಳ್ಳಲೂ ಮಹಾನಂದಾಗೆ ಆಗಲಿಲ್ಲ.

ದಾನಮ್ಮನವರು ದೋಣಿ ಇಳಿದು ಬಂದಾಗ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು.

“ಎಲ್ಲಾ ಗೊತ್ತಿತ್ರಿ ನನಗ. ಎಷ್ಟು ಒತ್ತಬೇಕು ಅಂತನೂ ಗೊತ್ತಿತ್ತು.”

“ಹೂಂ.”

“ಜೋರ್ ಒತ್ತಿದ್ದರ ಬದುಕ್ತಿದ್ಲೇನ್ರಿ?”

“ಗೊತ್ತಿಲ್ಲ.”

“ಬದುಕ್ತಿರಲಿಲ್ಲ ಅಂತ ಒಂದು ಮಾತು ಹೇಳ್ರಿ ಅಕ್ಕಾರ. ಸುಳ್ಳಾದ್ರೂ ಹೇಳ್ರಿ.”

ದಾನಮ್ಮನವರು ಅವಳ ರಟ್ಟೆ ಹಿಡಿದರು.

“ಏಳು,” ಅಂದರು. “ಸಂಜೀಕ ಮಣ್ಣು ಮಾಡ್ತಾರಂತ. ಮೈ ತೊಳಿಯೋದದ.”

“ನನ್ನ ಕೈಲಿ ಆಗೂದಿಲ್ರಿ.”

“ಆ ಕೈಲೇ ಆಗಬೇಕು.”

ಪರದೆ ಎಳೆದು ಇಬ್ಬರೂ ಬಿಸಿನೀರಿನಲ್ಲಿ ಅರಿವೆ ಅದ್ದಿ ಗೌರವ್ವನ ಮೈ ಒರೆಸಿದರು. ಬೆರಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ರೇಣವ್ವ ಹೊಸ ಸೀರೆ ತರಲು ಮನೆಗೆ ಹೋದಳು.

ಆಗ ದಾನಮ್ಮನವರು ಶಿಷ್ಯೆಯ ಅಂಗೈಯನ್ನು ಗೌರವ್ವನ ಎದೆಯ ಮೇಲಿಟ್ಟರು. ಒಂದೊಂದೇ ಪಕ್ಕೆಲುಬಿನ ಮೇಲೆ ಅದನ್ನು ಸರಿಸುತ್ತ ಹೋದರು. ಮಹಾನಂದಾ ಬಿಕ್ಕಿ ಬಿಕ್ಕಿ ಅತ್ತಳು. ದಾನಮ್ಮನವರ ಕಣ್ಣುಗಳೂ ತುಂಬಿದ್ದವು. ಆದರೂ ಹಿಡಿದ ಕೈ ಬಿಡಲಿಲ್ಲ.

“ಮುರದಾವೇನು?”

“ಇಲ್ರಿ.”

“ಒಂದಾದ್ರೂ?”

“ಇಲ್ರಿ ಅಕ್ಕಾರ.”

“ಎಲುಬು ಒಂದೂ ಬಿಡದಂಗ ಉಳಿಸಿದಿ, ಮಗಳ. ಮಣ್ಣಿಗೆ.”