ಕಪಿಲೆಯ ಎತ್ತು

“ಬುದ್ಧಿ, ನಾನು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ನೀವು ಹಿಂದಕ್ಕೆ ಎಳೀತೀರಲ್ಲ, ಇದು ಯಾವ ಸೀಮೆ ಸಾಧನೆ?”

ಕೇಳಿದವರು ಅಡವೀಶ ದೇವರು. ಕೇಳಿಸಿಕೊಂಡವರು ಅವರ ಗುರುಗಳಾದ ಗುರುಶಾಂತ ಸ್ವಾಮಿಗಳು. ಆ ಕಡೆಯ ಮಠಗಳಲ್ಲಿ ಪಟ್ಟವಾಗದ ಮರಿಯನ್ನು ದೇವರು ಎನ್ನುತ್ತಾರೆ, ಪಟ್ಟವಾದ ಮೇಲೆ ಸ್ವಾಮಿ ಎನ್ನುತ್ತಾರೆ. ದೇವರಾಗಿದ್ದು ಸಾಕಾಗಿ, ಯಾವಾಗ ಸ್ವಾಮಿಯಾದೇನೋ ಎಂದು ಒದ್ದಾಡುವ ಸೋಜಿಗವನ್ನು ಬೇರೆಲ್ಲೂ ನೋಡಲು ಸಿಗುವುದಿಲ್ಲ. ಅಡವೀಶ ದೇವರು ಹನ್ನೆರಡು ವರ್ಷಗಳಿಂದ ಒದ್ದಾಡುತ್ತಿದ್ದರು. ಅವತ್ತು ಅವರ ತಾಳ್ಮೆ ಪೂರಾ ಕೆಟ್ಟಿತ್ತು.

ಕೆಡದೆ ಏನು ಮಾಡೀತು? ಕಾಶಿಯಲ್ಲಿ ಆರು ವರ್ಷ ಓದಿ, ಶಾಸ್ತ್ರದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಮರಳಿದಾಗ ಗುರುಗಳು ಬೆನ್ನು ತಟ್ಟಿದ್ದರು. ಮಾರನೆಯ ದಿನವೇ ಮಜ್ಜಿಗೆಯ ಬಕೆಟ್ಟನ್ನು ಕೈಗೆ ಕೊಟ್ಟು ದಾಸೋಹದ ಪಂಕ್ತಿಗೆ ಬಡಿಸಲು ಕಳಿಸಿದ್ದರು. ಶ್ರಾವಣದಲ್ಲಿ ಪಕ್ಕದ ಪಟ್ಟಣದಲ್ಲಿ ತಿಂಗಳಿಡೀ ಪ್ರವಚನ ಹೇಳಿದರೆ, ಶಾಮಿಯಾನ ಸಾಲದೆ ಜನ ರಸ್ತೆಯ ಮೇಲೆ ಕುಳಿತು ಕೇಳಿದರು. ಹಾರ ತುರಾಯಿ ಹಾಕಿಸಿಕೊಂಡು ಮಠಕ್ಕೆ ಬಂದವರಿಗೆ ಗುರುಗಳು ಗೋಶಾಲೆಯ ಕಡೆ ಬೊಟ್ಟು ಮಾಡಿದರು. ನಾಲ್ಕು ತಿಂಗಳು ಸಗಣಿ ಬಾಚಿದ್ದಾಯಿತು. ಅದೇ ಸಗಣಿಯನ್ನು ಉಂಡೆ ಕಟ್ಟಿ ಸುಟ್ಟು ವಿಭೂತಿ ಮಾಡಿದ್ದೂ ಆಯಿತು. ಆಮೇಲೆ ಎರಡು ಊರುಗಳ ನಡುವೆ ಇಪ್ಪತ್ತು ವರ್ಷ ಹೊಗೆಯಾಡಿದ ಕೆರೆಯ ಜಗಳವನ್ನು ಒಂದೇ ದಿನದಲ್ಲಿ ಬಗೆಹರಿಸಿ ಬಂದರು, ಪೇಪರಿನಲ್ಲಿ ಫೋಟೋ ಬಂತು. ಗುರುಗಳು ಕನ್ನಡಕ ಹಾಕಿಕೊಂಡು ಫೋಟೋ ನೋಡಿ, “ಚೆನ್ನಾಗಿ ಬಂದಿದೆ” ಎಂದರು. ಸಂಜೆಯ ಹೊತ್ತಿಗೆ ಅಡವೀಶ ದೇವರು ಉಗ್ರಾಣದಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು.

ಇದನ್ನೆಲ್ಲ ಅವರು ಹಲ್ಲು ಕಚ್ಚಿಕೊಂಡು ಸಹಿಸಿದ್ದರು. ಆದರೆ ಈಗ ಕಣಿವೆಹಟ್ಟಿಯ ಮಠದ ಭಕ್ತರು ಬಂದಿದ್ದರು. ಅವರ ಸ್ವಾಮಿಗಳು ಲಿಂಗೈಕ್ಯರಾಗಿ ವರ್ಷವಾಗಿತ್ತು, ಪೀಠ ಖಾಲಿ ಇತ್ತು. ಅಡವೀಶ ದೇವರನ್ನೇ ನಮಗೆ ಕೊಡಬೇಕು, ಬರುವ ಸೋಮವಾರವೇ ಪಟ್ಟ ಕಟ್ಟುತ್ತೇವೆ ಎಂದು ಅವರು ಕೈಮುಗಿದು ಕೇಳಿದರು. ಗುರುಗಳು ಎಲ್ಲವನ್ನೂ ಕೇಳಿ, “ಇನ್ನೊಂದು ವರ್ಷ ತಡೀರಿ” ಎಂದುಬಿಟ್ಟರು. ಅಷ್ಟು ದಿನ ಕಾಯಲು ಭಕ್ತರಿಗೆ ಸಾಧ್ಯವಿರಲಿಲ್ಲ. ಇವತ್ತು ಒಪ್ಪಿಗೆ ಸಿಗದಿದ್ದರೆ ಬೇರೆ ಮಠದ ಮರಿಯನ್ನು ಕೇಳುವುದಾಗಿ ಮರ್ಯಾದೆಯಿಂದಲೇ ಹೇಳಿ, ಹೊರಗೆ ಜೀಪಿನ ಹತ್ತಿರ ನಿಂತಿದ್ದರು. ಹನ್ನೆರಡು ವರ್ಷ ಬಯಸಿದ ಪೀಠ ಬಾಗಿಲಿಗೆ ಬಂದು ನಿಂತಿರುವಾಗ, ಗುರುಗಳು ಒಳಗೆ ಕುಳಿತು ಅಡ್ಡಗಾಲು ಹಾಕುತ್ತಿದ್ದಾರೆ ಎಂದು ಅಡವೀಶ ದೇವರಿಗೆ ಮೈ ಉರಿಯಿತು. ಅದಕ್ಕೇ ಅವರು ಹಾಗೆ ಕೇಳಿದ್ದು.

ಗುರುಗಳು, “ಒಬ್ಬ ರೈತ ಇದ್ದ” ಎಂದರು.

ಅಡವೀಶ ದೇವರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹೌದು ಎನ್ನಿ, ಇಲ್ಲ ಎನ್ನಿ ಎಂದರೆ ಇವರು ಕತೆಗೆ ಕೂರುತ್ತಾರೆ. ಆದರೂ ಹನ್ನೆರಡು ವರ್ಷದ ಅಭ್ಯಾಸ, ಕಾಲು ಮಡಚಿ ಕುಳಿತರು.

ಕರೆಂಟಿನ ಪಂಪು ಬಾರದ ಕಾಲ ಅದು. ಬಾವಿಯ ನೀರನ್ನು ಎತ್ತು ಕಟ್ಟಿ ಮೇಲೆತ್ತುತ್ತಿದ್ದರು, ಅದಕ್ಕೆ ಕಪಿಲೆ ಎಂದು ಹೆಸರು. ಬಾವಿಯ ದಂಡೆಯಿಂದ ಆಚೆಗೆ ಒಂದು ಇಳಿಜಾರು. ನೊಗಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು ಬಾವಿಗೆ ಇಳಿಯುತ್ತದೆ, ಅದರ ತುದಿಗೆ ತೊಗಲಿನ ಚೀಲ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ತುಂಬಿದ ಚೀಲ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಅಲ್ಲಿಗೆ ಅರ್ಧ ಕೆಲಸ. ಆಮೇಲೆ ಎತ್ತುಗಳು ತಿರುಗಬಾರದು. ಮುಖ ಮುಂದಕ್ಕೇ ಇಟ್ಟುಕೊಂಡು, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಇಳಿಜಾರು ಹತ್ತಬೇಕು. ಆಗ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ.

ಆ ರೈತ ಒಂದು ಜೊತೆ ಎಳೆಯ ಎತ್ತು ತಂದ. ನೋಡಿದವರು ದೃಷ್ಟಿ ತೆಗೆಯಬೇಕು, ಅಂಥ ಜೋಡಿ. ಕಪಿಲೆಗೆ ಪಳಗಿಸಿ ಕೊಡು ಎಂದು ಅವನ್ನು ಒಬ್ಬ ಮುದುಕನ ಬಳಿ ಬಿಟ್ಟ. ಎತ್ತು ಪಳಗಿಸುವುದರಲ್ಲಿ ಆ ಮುದುಕನದು ಎತ್ತಿದ ಕೈ.

ತಿಂಗಳು ಬಿಟ್ಟು ರೈತ ನೋಡಲು ಬಂದ. ಮುದುಕ ಎತ್ತುಗಳ ಎದುರು ನಿಂತು, ಅವುಗಳ ಹಣೆಯ ಮೇಲೆ ಅಂಗೈ ಊರಿ, “ಹಿಂದೆ, ಹಿಂದೆ” ಎನ್ನುತ್ತಿದ್ದ. ಎತ್ತುಗಳು ಒಂದು ಹೆಜ್ಜೆ ಹಿಂದಿಟ್ಟು ಎರಡು ಹೆಜ್ಜೆ ಮುಂದೆ ನುಗ್ಗುತ್ತಿದ್ದವು. ಮುದುಕ ಮತ್ತೆ ಅಂಗೈ ಊರುತ್ತಿದ್ದ. ಎರಡನೆಯ ತಿಂಗಳು ಬಂದಾಗಲೂ ಅದೇ ಅಂಗೈ, ಅದೇ “ಹಿಂದೆ, ಹಿಂದೆ”. ಮೂರನೆಯ ತಿಂಗಳು ರೈತ ರೋಸಿಹೋದ.

“ಗುಡ್ಡ ಎಳೆಯೋ ಎತ್ತುಗಳು ಕಣಯ್ಯ ಇವು! ಒಂದು ದಿನಾನಾದ್ರೂ ಎಳೆಯೋದು ಕಲಿಸಿದ್ದೀಯಾ?”

“ಎಳೆಯೋದನ್ನ ಎತ್ತಿಗೆ ನಾನು ಕಲಿಸಬೇಕಾ?” ಎಂದ ಮುದುಕ.

ನಿನ್ನ ಸಹವಾಸವೇ ಬೇಡ ಎಂದು ರೈತ ಎತ್ತುಗಳನ್ನು ಬಿಚ್ಚಿಕೊಂಡು ಹೋದ. ಮಾರನೆಯ ಬೆಳಗ್ಗೆಯೇ ಕಪಿಲೆಗೆ ಕಟ್ಟಿದ. ಮೂರು ತಿಂಗಳು ಮೈಯಲ್ಲಿ ಕೂಡಿಟ್ಟ ಬಲವನ್ನೆಲ್ಲ ಹಾಕಿ ಎತ್ತುಗಳು ಎಳೆದವು. ಹಾ ಎನ್ನುವಷ್ಟರಲ್ಲಿ ಚೀಲ ಮೇಲೆ ಬಂತು. ಪಕ್ಕದ ಹೊಲದವರು ಕೆಲಸ ಬಿಟ್ಟು ನೋಡಿದರು, ಭಲೇ ಎಂದರು. ರೈತ ಮೀಸೆಯ ಮೇಲೆ ಕೈಹಾಕಿದ.

ನೀರು ಸುರಿಯಿತು. ಎತ್ತುಗಳು ಇಳಿಜಾರಿನ ಕೊನೆಯಲ್ಲಿ ನಿಂತವು. ರೈತ “ಹಿಂದೆ” ಎಂದ. ಅವು ಕಿವಿಯನ್ನೂ ಅಲುಗಿಸಲಿಲ್ಲ. ಮೂಗುದಾರ ಜಗ್ಗಿದ, ಬಾಲ ತಿರುವಿದ, ಅವುಗಳ ಏಳು ತಲೆಮಾರನ್ನು ಬೈದ. ಹಿಂದಕ್ಕೆ ಬನ್ನಿ ಎಂದಷ್ಟೂ ಅವು ಮುಂದಕ್ಕೆ ಜಗ್ಗಿದವು. ತಿರುಗಿಸಿ ನಡೆಸೋಣವೆಂದರೆ ಹಗ್ಗ ಕಾಲಿಗೆ ಸುತ್ತಿಕೊಂಡು ಒಂದು ಎತ್ತು ಮುಗ್ಗರಿಸಿತು. ಕೊನೆಗೆ ನೊಗ ಕಳಚುವುದು, ಎತ್ತುಗಳನ್ನು ಸುತ್ತು ಹಾಕಿಸಿ ಮೇಲೆ ತರುವುದು, ಮತ್ತೆ ನೊಗ ಕಟ್ಟುವುದು. ಹೀಗೆ ಮಧ್ಯಾಹ್ನದ ತನಕ ಏಗಿ ಅವನು ಎತ್ತಿದ್ದು ಏಳು ಚೀಲ. ಈರುಳ್ಳಿ ಮಡಿಯ ಒಂದು ಸಾಲೂ ಸರಿಯಾಗಿ ನೆನೆಯಲಿಲ್ಲ. ಭಲೇ ಎಂದವರು ಈಗ ಬಾಯಿಗೆ ಟವೆಲು ಅಡ್ಡ ಹಿಡಿದು ನಗುತ್ತಿದ್ದರು.

ಸಿಟ್ಟು ನೆತ್ತಿಗೇರಿ ಅವನು ನೆಟ್ಟಗೆ ಮುದುಕನ ಮನೆಗೆ ಹೋಗಿ ಕೂಗಾಡಿದ. ಮುದುಕನಿಗೂ ಸಾಕುಸಾಕಾಗಿತ್ತು. ಮೂರು ತಿಂಗಳು ಅವನ ಅಂಗೈ ಸವೆದಿತ್ತು, ಇನ್ನು ಹತ್ತು ದಿನ ಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು.

“ಬಾವಿಯಲ್ಲಿ ನೀರಿಲ್ಲವೇನಯ್ಯ?” ಎಂದು ಕೇಳಿದ.

“ತುಂಬಿ ತುಳುಕ್ತಾ ಇದೆ. ಚೀಲ ಇಳೀತಾ ಇಲ್ಲ, ಅದೇ ಬಂದಿರೋ ಕಷ್ಟ!” ಎಂದ ರೈತ.

ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಅವನು ಎತ್ತುಗಳನ್ನು ಹೊಡೆದುಕೊಂಡು ಬಂದು, ಮತ್ತೆ ಮುದುಕನ ಗೂಟಕ್ಕೆ ಕಟ್ಟಿ ಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅಡವೀಶ ದೇವರು ದಡ್ಡರಲ್ಲ. ಪಟ್ಟಣದ ಪ್ರವಚನ ಯಾವುದು, ಮಜ್ಜಿಗೆಯ ಬಕೆಟ್ಟು ಯಾವುದು, ಹಣೆಯ ಮೇಲಿನ ಅಂಗೈ ಯಾರದು ಎಂದು ಅವರಿಗೆ ಕತೆ ಅರ್ಧಕ್ಕೆ ಬರುವ ಮೊದಲೇ ತಿಳಿದಿತ್ತು. ಬೇಕೆಂದರೆ ಇದೇ ದೃಷ್ಟಾಂತವನ್ನು ಹಿಡಿದು ಎರಡು ಗಂಟೆ ಪ್ರವಚನ ಹೇಳಿ ಜನರ ಕಣ್ಣಲ್ಲಿ ನೀರು ತರಿಸಬಲ್ಲರು. ತಿಳಿದದ್ದರಿಂದಲೇ ಅವರ ಸಿಟ್ಟು ಇನ್ನೂ ಹೆಚ್ಚಾಯಿತು. ತಿಳಿದವನಿಗೆ ಇನ್ನೂ ಒಂದು ವರ್ಷ ತಿಳಿಸುವುದೇನು ಉಳಿದಿದೆ? ಹೊರಗೆ ಜೀಪಿನವರು ಹಾರನ್ ಮಾಡಿದರು. ಬೇಗ ಬನ್ನಿ ಎಂದು ಯಾರೋ ಯಾರಿಗೋ ಹೇಳುವುದು ಕೇಳಿಸಿತು. ಈಗ ಏಳದಿದ್ದರೆ ಆ ಪೀಠ ಇನ್ನೊಬ್ಬರ ಪಾಲು, ತನಗೆ ಮತ್ತೆ ಅದೇ ಮೊರ, ಅದೇ ಅಕ್ಕಿ.

ಅವರು ಎದ್ದು ನಿಂತರು. ಶಲ್ಯವನ್ನು ಹೆಗಲ ಮೇಲೆ ಸರಿ ಮಾಡಿಕೊಂಡರು. ಗುರುಗಳ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಅದರಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ.

“ಕತೆ ಅರ್ಥ ಆಯ್ತು ಬುದ್ಧಿ. ಆದರೆ ನನಗೆ ಸಾಕಾಗಿದೆ. ನೀವು ಅಪ್ಪಣೆ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ನಾನು ಹೋಗ್ತೀನಿ.”

ಗುರುಗಳು ಬೇಸತ್ತವರಂತೆ ಒಮ್ಮೆ ಉಸಿರು ಬಿಟ್ಟರು. ಅಡವೀಶ ದೇವರು ಬಾಗಿಲಿಗೆ ಹೋಗಿ ಒಂದು ಕಾಲು ಹೊಸ್ತಿಲ ಆಚೆ ಇಟ್ಟಾಗ ಹಿಂದಿನಿಂದ ಗುರುಗಳ ದನಿ ಬಂತು:

“‘ಹೋಗಿ ಬರ್ತೀನಿ’ ಅನ್ನೋ ಮಾತು ನಿಮ್ಮ ಬಾಯಿಗೆ ಬರಲೇ ಇಲ್ಲವಲ್ಲ, ದೇವರು.”