ಎರಡು ಬೀಗದ ಪೆಟ್ಟಿಗೆ

"ಗುರುಗಳೇ, ಜೊತೆಗಾರನ ವಿದ್ಯೆ ನಮಗೂ ಬಂದ ಮೇಲೆ ಜೊತೆಗಾರ ಇನ್ನೂ ಬೇಕೇ?" ಎಂದು ಸಂಗಯ್ಯ ಕೇಳಿದ. ಅವನದು ಲೇವಾದೇವಿಯ ಹುಂಡಿ ಅಂಗಡಿ. ಮತ್ತೊಂದು ಅಂಗಡಿಯೊಡನೆ ಕೂಡಿ ಹೊಸ ವಹಿವಾಟು ತೆರೆದಿದ್ದ, ಅದು ಕೈಹತ್ತಿತ್ತು. ನಾಳೆ ಆ ಕೂಟ ಮುರಿಯಬೇಕೆಂದಿದ್ದ.

ಗುರುಗಳು ಹೇಳಿದರು:

ಒಬ್ಬ ಚಿನಿವಾರನಿದ್ದ. ನಾಣ್ಯದ ಸದ್ದು ಕೇಳಿಯೇ ಖೋಟಾ ಯಾವುದೆಂದು ಹೇಳುತ್ತಿದ್ದ. ಹಣ ಕಾಯಬಲ್ಲ, ಬೆಳೆಸಬಲ್ಲ. ಆದರೆ ಊರಿನ ಹೆಂಗಸರ ಕೈಗಂಟು ಸಾಸಿವೆ ಡಬ್ಬಿ ಬಿಟ್ಟು ಅವನ ಅಂಗಡಿಗೆ ಬರುತ್ತಿರಲಿಲ್ಲ. ಒಬ್ಬ ಬಳೆಗಾರನಿದ್ದ. ಅವನಿಗೆ ಎಲ್ಲ ಮನೆಯ ನಡುಮನೆಯೂ ಗೊತ್ತು, ಬಡ್ಡಿಯ ಲೆಕ್ಕ ಗೊತ್ತಿಲ್ಲ. ಇಬ್ಬರೂ ಕೂಡಿ, ಊರು ಅದುವರೆಗೆ ಕಂಡಿರದ ಪೆಟ್ಟಿಗೆಯೊಂದನ್ನು ಮಾಡಿಸಿದರು. ಅದಕ್ಕೆ ಎರಡು ಬೀಗ. ಒಂದರ ಕೀಲಿ ಇವನಲ್ಲಿ, ಇನ್ನೊಂದರದು ಅವನಲ್ಲಿ. ಸಂತೆಯ ದಿನ ಇಬ್ಬರೂ ಕೂತರೆ ಮಾತ್ರ ಅದು ತೆರೆಯುತ್ತಿತ್ತು. ಹೆಂಗಸರು ಡಬ್ಬಿ ಬರಿದು ಮಾಡಿ ತಂದರು. "ಹೆಣ್ಣು ಕೊಟ್ಟಿಲ್ಲ, ತಂದಿಲ್ಲ, ಆದರೂ ನೀವು ಬೀಗರು ನೋಡಿ" ಎಂದು ನಗಾಡಿದರು.

ಚಿನಿವಾರನಿಗೆ ಒಂದೇ ಬೇಸರ. ಬಳೆಗಾರ ಊರೂರು ತಿರುಗುವವನು. ಅವನು ಬರುವ ತನಕ ಯಾರ ಕಷ್ಟಕ್ಕೂ ಪೆಟ್ಟಿಗೆ ತೆರೆಯದು. ಬೀಗ ಮಾಡಿದ ಕಮ್ಮಾರನಿಂದಲೇ ಬಳೆಗಾರನ ಕೀಲಿಯಂಥದೇ ಇನ್ನೊಂದನ್ನು ಮಾಡಿಸಿ ಇಟ್ಟುಕೊಂಡ.

ಒಂದು ದಿನ ಒಬ್ಬಾಕೆ ಓಡಿಬಂದಳು. ಮಗಳಿಗೆ ಹೆರಿಗೆ ನೋವು, ಪಕ್ಕದೂರಿಗೆ ಗಾಡಿ ಕಟ್ಟಿಸಬೇಕು. ಚಿನಿವಾರ ಎರಡೂ ಬೀಗ ತೆಗೆದು ಅವಳ ಹಣ ಕೊಟ್ಟ.

ಆಕೆ ಹಣ ಸೆರಗಿಗೆ ಕಟ್ಟಿಕೊಂಡು ಪೆಟ್ಟಿಗೆಯನ್ನು ನೋಡಿದಳು. "ಬಳೆಗಾರಣ್ಣನ ಕೀಲಿ ನಿಮ್ಮ ಕೈಗೆ ಯಾವಾಗ ಬಂತು ಶೆಟ್ಟರೇ?"

"ನಿಮ್ಮಂಥವರ ಕಷ್ಟಕ್ಕೇ ಮಾಡಿಸಿದ್ದು ತಾಯಿ."

"ನಿಮ್ಮ ಮಕ್ಕಳು ಚೆನ್ನಾಗಿರಲಿ" ಎಂದು ಹೇಳಿ ಹೋದಳು.

ಮಗಳೂ ಮಗುವೂ ಉಳಿದರು. ಕೀಲಿಯ ಸುದ್ದಿ ಮನೆಮನೆಗೂ ಮುಟ್ಟಿತು. ಮುಂದಿನ ಸಂತೆಗೆ ಹೆಂಗಸರೆಲ್ಲ ಬಂದರು, ಅವಳೂ ಬಂದಳು. ಒಬ್ಬರೂ ಜಗಳವಾಡಲಿಲ್ಲ. ತಮ್ಮ ತಮ್ಮ ಗಂಟು ಕೇಳಿ ತೆಗೆದುಕೊಂಡರು. ಒಂದು ಕಾಸೂ ಕಡಮೆಯಾಗಿರಲಿಲ್ಲ. ಬಳೆಗಾರ ಉಡಿದಾರದಿಂದ ತನ್ನ ಕೀಲಿ ಬಿಚ್ಚಿ ಖಾಲಿ ಪೆಟ್ಟಿಗೆಯ ಮೇಲಿಟ್ಟ. "ಇದೂ ನಿಮ್ಮಲ್ಲೇ ಇರಲಿ ಬೀಗರೇ" ಎಂದು ಬಳೆಯ ಮಲಾರ ಹೊತ್ತು ಹೊರಟ.

ಸಂಗಯ್ಯನಿಗೆ ತಡೆಯಲಾಗಲಿಲ್ಲ. "ಚಿನಿವಾರ ಕದ್ದಿಲ್ಲ, ಜೀವ ಉಳಿಸಿದ. ಜನ ಅವನನ್ನು ನಂಬಬೇಕಿತ್ತಲ್ಲ?"

"ಜನ ನಂಬಿದ್ದು ಅವನಲ್ಲಿ ಇಲ್ಲದ ಕೀಲಿಯನ್ನು, ಸಂಗಯ್ಯ."